‘ಒಗ್ಗಟ್ಟಿನಲ್ಲಿ ಬಲವಿದೆ’ ಎಂದರೆ ಸಾಲದು: ಮಗುವಿಗೆ ಕತೆ ಅರ್ಥವಾಗಿದೆಯೇ ಎಂದು ತಿಳಿಯುವ ಬಗೆ

ಒಟ್ಟಾಗಿ ದುಡಿದವರ ಕತೆಯೊಂದನ್ನು ಮೂರನೆಯ ತರಗತಿಯ ಮಗುವಿನಿಂದ ಓದಿಸಿ, “ಈ ಕತೆಯಿಂದ ಏನು ಕಲಿತೆ?” ಎಂದು ಕೇಳಿ. ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ: “ಒಗ್ಗಟ್ಟಿನಲ್ಲಿ ಬಲವಿದೆ, ಟೀಚರ್.” ಕತೆ ಓದಿ ಅರ್ಥ ಮಾಡಿಕೊಂಡ ಮಗುವೂ ಹೀಗೇ ಹೇಳುತ್ತದೆ, ಒಂದು ಸಾಲೂ ತಲೆಗೆ ಹೋಗದ ಮಗುವೂ ಹೀಗೇ ಹೇಳುತ್ತದೆ. ಆ ಮಾತು ಮಗುವಿಗೆ ಕತೆಯಿಂದ ಬಂದದ್ದಲ್ಲ, ಶಾಲೆಯ ಗೋಡೆಯಿಂದ, ಹಿಂದಿನ ಪಾಠಗಳಿಂದ, ದೊಡ್ಡವರ ಬಾಯಿಂದ ಬಂದದ್ದು. ನಾವು ತಲೆದೂಗಿ ‘ಸರಿ’ ಗುರುತು ಹಾಕಿ ಮುಂದಿನ ಪಾಠಕ್ಕೆ ಹೋಗುತ್ತೇವೆ. ಅರ್ಥವಾಗದ ಮಗು ಅರ್ಥವಾಗದೆಯೇ ನಾಲ್ಕನೆಯ ತರಗತಿ ಸೇರುತ್ತದೆ.

ಒಗ್ಗಟ್ಟಿನ ಕತೆ ಅರ್ಥವಾಗುವುದೆಂದರೆ ಯಾರು ಯಾವ ಕೆಲಸ ಮಾಡಿದರು, ಒಬ್ಬರ ಕೆಲಸ ತಪ್ಪಿದಾಗ ಉಳಿದವರ ಕೆಲಸಕ್ಕೆ ಏನಾಯಿತು ಎಂಬುದು ಮಗುವಿನ ಕಣ್ಣಿಗೆ ಕಟ್ಟುವುದು. ಪರೀಕ್ಷಿಸಬೇಕಾದದ್ದು ಅದನ್ನೇ. ಉಡುಪಿ, ಮಂಗಳೂರು ಕಡೆಯಲ್ಲಿ ಎರಡರಿಂದ ನಾಲ್ಕನೆಯ ತರಗತಿಯವರೆಗೆ ಕಲಿಸುವ ಶಿಕ್ಷಕರನ್ನೂ ಮನೆಯಲ್ಲಿ ಮಕ್ಕಳನ್ನು ಓದಿಗೆ ಕೂರಿಸುವ ಅಪ್ಪ ಅಮ್ಮಂದಿರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಬೇಕಾಗುವ ಸಾಮಗ್ರಿ ಒಂದು ಸಣ್ಣ ಕತೆ, ಕಾಗದ, ಪೆನ್ಸಿಲ್ ಮತ್ತು ಎರಡು ತುಂಡು ಹಗ್ಗ.

ಮೊದಲು ಕತೆ

ಮಗು ಹಿಂದೆ ಕೇಳದ ಕತೆಯೇ ಆಗಬೇಕು. ಹಕ್ಕಿಗಳು ಬಲೆಯ ಸಮೇತ ಹಾರಿದ ಕತೆ, ಕಟ್ಟಿಗೆಯ ಕಟ್ಟಿನ ಕತೆ ಎಲ್ಲ ಮಕ್ಕಳಿಗೂ ಗೊತ್ತು. ಅವನ್ನು ಕೊಟ್ಟರೆ ಓದಿನ ಬದಲು ನೆನಪಿನ ಪರೀಕ್ಷೆಯಾಗುತ್ತದೆ. ಇಲ್ಲಿ ಬಳಸಲು ನಾನೇ ಒಂದು ಕತೆ ಬರೆದಿದ್ದೇನೆ. ಬೇಕಾದವರು ಕೈಬರಹದಲ್ಲಿ ದೊಡ್ಡದಾಗಿ ನಕಲು ಮಾಡಿಕೊಳ್ಳಬಹುದು.

*ಬೆಳಿಗ್ಗೆ ದೋಣಿ ಕಡಲಿಗೆ ಹೋಗಿ ಬಲೆ ಬಿಟ್ಟು ಬಂತು. ಬಲೆಯ ಒಂದು ಹಗ್ಗವನ್ನು ಅಜ್ಜನ ಗುಂಪು ಹಿಡಿಯಿತು. ಇನ್ನೊಂದು ಹಗ್ಗವನ್ನು ಮಾವನ ಗುಂಪು ಹಿಡಿಯಿತು.*

*“ನಾನೂ ಎಳೆಯುತ್ತೇನೆ” ಎಂದಳು ಶಾಂಭವಿ.*

*“ನೀನು ಮಾವನ ಹಿಂದೆ ನಿಂತು ಹಗ್ಗ ಸುತ್ತು” ಎಂದರು ಅಜ್ಜ.*

*ಶಾಂಭವಿಯ ಮುಖ ಊದಿತು. ಅವಳು ದೂರ ಹೋಗಿ ಮರಳಿನಲ್ಲಿ ಚಿಪ್ಪು ಹೆಕ್ಕತೊಡಗಿದಳು.*

*ಎರಡೂ ಗುಂಪುಗಳು ಎಳೆದವು. ಮಾವನ ಹಿಂದೆ ಹಗ್ಗ ರಾಶಿ ಬಿತ್ತು. ಮಾವನ ಕಾಲು ಅದರಲ್ಲಿ ಸಿಕ್ಕಿಕೊಂಡಿತು. ಅವರ ಗುಂಪು ನಿಂತಿತು. ಅಜ್ಜನ ಗುಂಪು ಎಳೆಯುತ್ತಲೇ ಇತ್ತು. ಬಲೆ ಓರೆಯಾಯಿತು. ಮೀನುಗಳು ತಪ್ಪಿಸಿಕೊಳ್ಳತೊಡಗಿದವು.*

*ಶಾಂಭವಿ ಚಿಪ್ಪುಗಳನ್ನು ಬಿಸಾಡಿ ಓಡಿದಳು. ಹಗ್ಗ ಬಿಡಿಸಿದಳು. ಆಮೇಲೆ ನಿಲ್ಲಿಸದೆ ಸುತ್ತಿದಳು.*

*ಬಲೆ ದಡಕ್ಕೆ ಬಂತು. ತುಂಬ ಬೂತಾಯಿ ಸಿಕ್ಕಿತ್ತು. ಪಾಲು ಹಂಚುವಾಗ ಅಜ್ಜ ಶಾಂಭವಿಯ ಬುಟ್ಟಿಗೂ ಮೀನು ಹಾಕಿದರು.*

ಕತೆಯಲ್ಲಿ ‘ಒಗ್ಗಟ್ಟು’ ಎಂಬ ಪದವನ್ನು ಬೇಕೆಂದೇ ಬಿಟ್ಟಿದ್ದೇನೆ. ‘ಶಾಂಭವಿ ಸುತ್ತದೆ ಹೋದದ್ದರಿಂದ ಹಗ್ಗ ರಾಶಿ ಬಿತ್ತು’ ಎಂಬ ಸಾಲೂ ಇಲ್ಲ. ಆ ಕೊಂಡಿಯನ್ನು ಮಗುವೇ ಹಾಕಿಕೊಳ್ಳಬೇಕು. ನೀವೇ ಕತೆ ಬರೆಯುವುದಾದರೂ ಹೀಗೆ ಒಂದೆರಡು ಕೊಂಡಿಗಳನ್ನು ಬರೆಯದೆ ಬಿಡಿ. ಎಲ್ಲವನ್ನೂ ಬಿಡಿಸಿ ಹೇಳಿದ ಕತೆಯಲ್ಲಿ ಪರೀಕ್ಷಿಸಲು ಏನೂ ಉಳಿಯುವುದಿಲ್ಲ.

ಓದಿಸುವ ಮೊದಲು ಐದು ನಿಮಿಷ

ಮಲ್ಪೆ, ಪಡುಕೆರೆ, ಉಳ್ಳಾಲದ ಮಕ್ಕಳಿಗೆ ಕೈರಂಪಣಿ, ಅಂದರೆ ದಡದಲ್ಲಿ ನಿಂತು ಬಲೆ ಎಳೆಯುವ ಮೀನುಗಾರಿಕೆ, ಕಂಡು ಗೊತ್ತಿರುತ್ತದೆ. ಮಣಿಪಾಲದ ಅಥವಾ ಕದ್ರಿಯ ಫ್ಲ್ಯಾಟಿನಲ್ಲಿ ಬೆಳೆಯುವ ಮಗುವಿಗೆ, ಹೆಬ್ರಿ ಕಡೆಯ ಮಗುವಿಗೆ ಅದು ಹೊಸದು. ದೋಣಿ ಒಂದು ಹಗ್ಗದ ತುದಿಯನ್ನು ದಡದಲ್ಲಿ ಬಿಟ್ಟು ಹೊರಟು, ನೀರಿನಲ್ಲಿ ಅರ್ಧ ವೃತ್ತದಂತೆ ಬಲೆ ಬಿಡುತ್ತಾ ಸಾಗಿ, ಇನ್ನೊಂದು ಹಗ್ಗದೊಡನೆ ದಡಕ್ಕೆ ಮರಳುತ್ತದೆ. ದಡದಲ್ಲಿ ನಿಂತ ಎರಡು ಗುಂಪುಗಳು ಎರಡೂ ಹಗ್ಗಗಳನ್ನು ಸಮನಾಗಿ ಎಳೆಯುತ್ತವೆ. ಇಷ್ಟನ್ನು ಕಪ್ಪು ಹಲಗೆಯ ಮೇಲೆ ಗೀಟು ಎಳೆದು ತೋರಿಸಿಬಿಡಿ. ‘ಓರೆ’, ‘ಪಾಲು’ ಪದಗಳ ಅರ್ಥವನ್ನೂ ಆಗಲೇ ಹೇಳಿ.

ಉತ್ತರ ಹೇಳಿಕೊಟ್ಟಂತಾಗಲಿಲ್ಲವೇ ಎಂದು ಕೆಲವರಿಗೆ ಅನ್ನಿಸಬಹುದು. ಇಲ್ಲ. 1988ರಲ್ಲಿ ಅಮೆರಿಕದ ರೆಕ್ಟ್ ಮತ್ತು ಲೆಸ್ಲಿ ಎಂಬ ಇಬ್ಬರು ಸಂಶೋಧಕರು ಬೇಸ್‌ಬಾಲ್ ಆಟದ ವಿವರಣೆಯೊಂದನ್ನು ಮಕ್ಕಳಿಂದ ಓದಿಸಿದರು. ಓದಿನಲ್ಲಿ ಹಿಂದುಳಿದಿದ್ದರೂ ಆಟ ಚೆನ್ನಾಗಿ ತಿಳಿದಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದರೂ ಆಟ ತಿಳಿಯದ ಮಕ್ಕಳಿಗಿಂತ ಹೆಚ್ಚು ಅರ್ಥ ಮಾಡಿಕೊಂಡಿದ್ದರು. ಬಲೆ ಎಳೆಯುವುದನ್ನೇ ಕಾಣದ ಮಗು ಈ ಕತೆಯಲ್ಲಿ ಎಡವಿದರೆ ತಪ್ಪು ಅದರ ಓದಿನದ್ದೋ ಕಡಲು ಕಾಣದ್ದರದ್ದೋ ನಮಗೆ ತಿಳಿಯುವುದಿಲ್ಲ. ಹಿನ್ನೆಲೆಯನ್ನು ಎಲ್ಲರಿಗೂ ಸಮ ಮಾಡಿದ ಮೇಲೆಯೇ ಓದನ್ನು ಅಳೆಯಬೇಕು.

ಓದಿಸುವುದು

ಒಮ್ಮೆ ಮನಸ್ಸಿನಲ್ಲೇ ಓದಿಕೊಳ್ಳಲು ಬಿಡಿ. ಎರಡನೆಯ ಸಲ ನಿಮ್ಮೆದುರು ಗಟ್ಟಿಯಾಗಿ ಓದಿಸಿ. ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ನಿಪುಣ್ ಭಾರತ್ ಕಾರ್ಯಕ್ರಮದಲ್ಲಿ ಮೂರನೆಯ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಸರಿಯಾಗಿ, ಅರ್ಥ ಸಹಿತ ಓದಬೇಕೆಂಬ ಗುರಿಯಿದೆ. ಮೇಲಿನ ಕತೆಯಲ್ಲಿ ಸುಮಾರು 85 ಪದಗಳಿವೆ. ಆದರೆ ಗಡಿಯಾರ ನೋಡುತ್ತಾ ಕೂರಬೇಡಿ. ‘ತಪ್ಪಿಸಿಕೊಳ್ಳತೊಡಗಿದವು’ ಎಂಬ 10 ಅಕ್ಷರಗಳ ಪದವೂ ಲೆಕ್ಕಕ್ಕೆ ಒಂದೇ, ‘ಬಲೆ’ಯೂ ಒಂದೇ. ಅಂಥ ಪದದ ಮುಂದೆ ಮಗು ಒಂದು ಕ್ಷಣ ನಿಂತು, ಬಿಡಿಸಿಕೊಂಡು, ಮತ್ತೆ ಒಟ್ಟಿಗೆ ಓದಿದರೆ ಅದು ಒಳ್ಳೆಯ ಲಕ್ಷಣ. ಪಟಪಟನೆ ಓದಿ ಮುಗಿಸಿ, ಏನು ಓದಿದೆ ಎಂದರೆ ಮುಖ ನೋಡುವ ಮಗುವೇ ಹೆಚ್ಚು ಚಿಂತೆಗೆ ಕಾರಣ. ವೇಗಕ್ಕೆ ಮರುಳಾಗಿ ಅಂಥ ಮಕ್ಕಳನ್ನು ‘ಜಾಣರು’ ಎಂಬ ಸಾಲಿಗೆ ಸೇರಿಸಿಬಿಡುವುದು ನಮ್ಮ ತರಗತಿಗಳಲ್ಲಿ ದಿನವೂ ನಡೆಯುತ್ತದೆ.

ಅಕ್ಷರ ಅಕ್ಷರ ಕೂಡಿಸಿ ಓದುವ ಮಗುವಾದರೆ ಮಾತ್ರ ಇಲ್ಲೇ ನಿಲ್ಲಿಸಿ. ಕತೆಯನ್ನು ನೀವೇ ಓದಿ ಹೇಳಿ, ಮುಂದಿನ ಪ್ರಶ್ನೆಗಳನ್ನೇ ಕೇಳಿ. ಗಫ್ ಮತ್ತು ಟನ್ಮರ್ ಎಂಬ ವಿದ್ವಾಂಸರು 1986ರಲ್ಲಿ ಹೇಳಿದ್ದು ಇಂದಿಗೂ ಕೆಲಸಕ್ಕೆ ಬರುತ್ತದೆ: ಅಕ್ಷರ ಬಿಡಿಸುವ ಶಕ್ತಿಯನ್ನೂ ಕೇಳಿ ಅರ್ಥ ಮಾಡಿಕೊಳ್ಳುವ ಶಕ್ತಿಯನ್ನೂ ಗುಣಿಸಿದರೆ ಬರುವುದೇ ಓದಿನ ಗ್ರಹಿಕೆ. ಎರಡರಲ್ಲಿ ಒಂದು ಸೊನ್ನೆಯಾದರೂ ಗುಣಲಬ್ಧ ಸೊನ್ನೆ. ಕೇಳಿದಾಗ ಎಲ್ಲ ಉತ್ತರ ಸರಿ ಹೇಳಿ, ಓದಿದಾಗ ತಡವರಿಸುವ ಮಗುವಿಗೆ ಬೇಕಾದದ್ದು ಒತ್ತಕ್ಷರ, ಗುಣಿತಾಕ್ಷರಗಳ ಅಭ್ಯಾಸ. ಕೇಳಿದಾಗಲೂ ತಿಳಿಯದಿದ್ದರೆ ಆ ಮಗುವಿಗೆ ಇನ್ನೂ ಹೆಚ್ಚು ಮಾತು, ಹೆಚ್ಚು ಕತೆ ಬೇಕು. ಇಬ್ಬರಿಗೂ ಒಂದೇ ಕಾಪಿ ಬರೆಸಿದರೆ ಇಬ್ಬರಿಗೂ ಉಪಯೋಗವಿಲ್ಲ.

ಪ್ರಶ್ನೆಗೆ ಮೊದಲು ಕತೆ ಹೇಳಿಸಿ

“ನಿನ್ನ ಗೆಳತಿ ಇವತ್ತು ಶಾಲೆಗೆ ಬಂದಿಲ್ಲ. ಅವಳಿಗೆ ಈ ಕತೆ ಹೇಗೆ ಹೇಳುತ್ತೀ?” ಎಂದು ಕೇಳಿ ಸುಮ್ಮನಿರಿ. ಮಧ್ಯೆ ಬಾಯಿ ಹಾಕಬಾರದು. ಮಗು ನಿಂತರೆ “ಆಮೇಲೆ?” ಎನ್ನುವುದಷ್ಟೇ ನಿಮ್ಮ ಕೆಲಸ.

ಯಾವ ಭಾಷೆಯಲ್ಲಿ ಹೇಳಿದರೂ ನಡೆಯುತ್ತದೆ ಎಂದು ಮೊದಲೇ ತಿಳಿಸಿ. ನಮ್ಮ ತರಗತಿಯಲ್ಲಿ ಮನೆಯಲ್ಲಿ ತುಳು ಆಡುವ ಮಗು, ಕೊಂಕಣಿ ಆಡುವ ಮಗು, ಬ್ಯಾರಿ ಆಡುವ ಮಗು, ಕುಂದಾಪುರ ಕನ್ನಡದ ಮಗು ಒಂದೇ ಬೆಂಚಿನಲ್ಲಿ ಕುಳಿತಿರುತ್ತವೆ. ಕನ್ನಡದಲ್ಲಿ ಓದಿದ ಕತೆಯನ್ನು ತುಳುವಿನಲ್ಲಿ ಸರಾಗವಾಗಿ ಹೇಳಿದ ಮಗುವಿಗೆ ಕತೆ ಅರ್ಥವಾಗಿದೆ. ಅದರಲ್ಲಿ ಅನುಮಾನವೇ ಬೇಡ. ಪುಸ್ತಕದ ವಾಕ್ಯವನ್ನು ಬಾಯಿಪಾಠ ಒಪ್ಪಿಸುವ ಅವಕಾಶವೇ ಅಲ್ಲಿಲ್ಲವಲ್ಲ! ಕನ್ನಡದಲ್ಲೇ ಹೇಳಬೇಕೆಂದು ಪಟ್ಟು ಹಿಡಿದರೆ ನಾವು ಅಳೆಯುವುದು ಮಾತಾಡುವ ಧೈರ್ಯವನ್ನು, ಓದನ್ನಲ್ಲ. ‘ಯಾಕೆ?’ ಎಂಬುದನ್ನು ತುಳುವಿನಲ್ಲಿ “ದಾಯೆ?” ಎಂದೋ ಕೊಂಕಣಿಯಲ್ಲಿ “ಕಿತ್ಯಾಕ್?” ಎಂದೋ ನೀವೇ ಒಮ್ಮೆ ಕೇಳಿದರೆ ಮಗುವಿನ ಬಾಯಿ ಬಿಡುತ್ತದೆ. ನಿಮಗೆ ಆ ಭಾಷೆ ಬಾರದಿದ್ದರೆ ಅದೇ ಮನೆಮಾತಿನ ದೊಡ್ಡ ಮಗುವನ್ನೋ ಬಿಸಿಯೂಟದ ಅಕ್ಕನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮಗು ಹೇಳುತ್ತಿರುವಾಗ ಈ ಘಟನೆಗಳು ಬಂದವೇ ಎಂದು ಗುರುತಿಸಿಕೊಳ್ಳಿ: ಎರಡು ಗುಂಪು, ಶಾಂಭವಿಗೆ ಸಿಕ್ಕ ಕೆಲಸ, ಅವಳ ಮುನಿಸು, ಕಾಲು ಸಿಕ್ಕಿಕೊಂಡದ್ದು, ಬಲೆ ಓರೆಯಾದದ್ದು, ಅವಳು ಹಗ್ಗ ಬಿಡಿಸಿ ಸುತ್ತಿದ್ದು, ಪಾಲು. ಎಲ್ಲವೂ ಬರಬೇಕೆಂದಿಲ್ಲ. ‘ಮುನಿಸಿಕೊಂಡಳು, ಅದಕ್ಕೆ ಹಗ್ಗ ಸಿಕ್ಕಿತು’ ಎಂದು ಎರಡು ಘಟನೆಗಳನ್ನು ‘ಅದಕ್ಕೆ’ ಎಂಬ ಮಾತಿನಿಂದ ಜೋಡಿಸಿದ ಮಗು, ಏಳು ಘಟನೆಗಳನ್ನು ‘ಆಮೇಲೆ, ಆಮೇಲೆ’ ಎಂದು ಪೋಣಿಸಿದ ಮಗುವಿಗಿಂತ ಮುಂದಿದೆ.

ಪ್ರಶ್ನೆಗಳು: ಇಲ್ಲಿ ಹೆಚ್ಚು ಹೊತ್ತು ಕೊಡಿ

ಈ ವಾಕ್ಯ ಓದಿ: “ಝಿಂಬನು ಲಿಪ್ಪೆಯನ್ನು ಗೊಣಜಿನ ಮೇಲೆ ಮೊರಲಿಸಿದನು.” ಝಿಂಬನು ಏನನ್ನು ಮೊರಲಿಸಿದನು? ಲಿಪ್ಪೆಯನ್ನು. ಎಲ್ಲಿ ಮೊರಲಿಸಿದನು? ಗೊಣಜಿನ ಮೇಲೆ. ಎರಡಕ್ಕೆ ಎರಡು ಅಂಕ! ಅರ್ಥ ಮಾತ್ರ ಯಾರಿಗೂ ಗೊತ್ತಿಲ್ಲ, ಏಕೆಂದರೆ ಆ ಪದಗಳಿಗೆ ಅರ್ಥವೇ ಇಲ್ಲ. ಅಭ್ಯಾಸ ಪುಸ್ತಕಗಳ ‘ಒಂದು ವಾಕ್ಯದಲ್ಲಿ ಉತ್ತರಿಸಿರಿ’, ‘ಬಿಟ್ಟ ಸ್ಥಳ ತುಂಬಿರಿ’ ಬಹುಪಾಲು ಈ ಜಾತಿಯವು. ವಿಭಕ್ತಿ ಪ್ರತ್ಯಯ ನೋಡಿಕೊಂಡು ಉತ್ತರ ಎತ್ತಿ ಬರೆಯಲು ಮಕ್ಕಳು ಬಹಳ ಬೇಗ ಕಲಿಯುತ್ತಾರೆ.

ಆದ್ದರಿಂದ ನೇರ ಪ್ರಶ್ನೆಗಳು ಒಂದೆರಡು ಸಾಕು. ಮಗುವಿನ ಭಯ ಬಿಡಿಸುವುದಕ್ಕಷ್ಟೇ. ‘ಬಲೆಗೆ ಯಾವ ಮೀನು ಸಿಕ್ಕಿತು?’, ‘ಶಾಂಭವಿಗೆ ಅಜ್ಜ ಯಾವ ಕೆಲಸ ಹೇಳಿದರು?’ ಅಲ್ಲಿಂದ ಮುಂದೆ ಕಾರಣಕ್ಕೆ ಬನ್ನಿ.

‘ಮೀನುಗಳು ಯಾಕೆ ತಪ್ಪಿಸಿಕೊಳ್ಳತೊಡಗಿದವು?’ ಎಂದು ಕೇಳಿ. “ಬಲೆ ಓರೆಯಾಯಿತು” ಎಂಬ ಉತ್ತರ ಬಂದರೆ ಸಂತೋಷ, ಆದರೆ ಅಲ್ಲಿಗೇ ಬಿಡಬೇಡಿ. ಆ ವಾಕ್ಯ ಪಕ್ಕದಲ್ಲೇ ಇದೆ. “ಬಲೆ ಯಾಕೆ ಓರೆಯಾಯಿತು?” ಮಾವನ ಗುಂಪು ನಿಂತಿತು, ಅಜ್ಜನ ಗುಂಪು ಎಳೆಯುತ್ತಿತ್ತು. “ಮಾವನ ಗುಂಪು ಯಾಕೆ ನಿಂತಿತು?” ಕಾಲು ಸಿಕ್ಕಿಕೊಂಡಿತು. “ಹಗ್ಗ ಯಾಕೆ ರಾಶಿ ಬಿದ್ದಿತ್ತು?” ಈ ಕೊನೆಯ ‘ಯಾಕೆ’ಗೆ ಕತೆಯಲ್ಲಿ ಉತ್ತರದ ಸಾಲಿಲ್ಲ. “ಶಾಂಭವಿ ಸುತ್ತಲಿಲ್ಲ” ಎಂದು ಮಗು ಹೇಳಿದರೆ ಅದು ಕತೆಯನ್ನು ಹಿಡಿದಿದೆ ಎಂದು ನಂಬಬಹುದು. “ಶಾಂಭವಿ ಇದ್ದಿದ್ದರೆ...” ಎಂದು ತೊದಲಿದರೂ ಸಾಕು.

ಇನ್ನು ಅತಿ ಮುಖ್ಯವಾದ ಪ್ರಶ್ನೆ: ‘ಅಜ್ಜ ಶಾಂಭವಿಯ ಬುಟ್ಟಿಗೂ ಯಾಕೆ ಮೀನು ಹಾಕಿದರು?’ ಇದಕ್ಕೆ ಬರುವ ಉತ್ತರಗಳು ನಾಲ್ಕೈದು ಬಗೆಯವು. “ಪಾಲು ಹಂಚುವಾಗ ಹಾಕಿದರು” ಎಂದರೆ ಮಗು ಸಾಲನ್ನೇ ತಿರುಗಿಸಿ ಹೇಳುತ್ತಿದೆ. “ಅವಳಿಗೆ ಮೀನು ಇಷ್ಟ” ಎಂದರೆ ಕತೆಯಲ್ಲಿ ಇಲ್ಲದ್ದನ್ನು ತಂದು ಸೇರಿಸಿದೆ. “ಅವಳೂ ಕೆಲಸ ಮಾಡಿದಳಲ್ಲ, ಹಗ್ಗ ಸುತ್ತಿದಳಲ್ಲ” ಎಂದರೆ ನಾವು ಹುಡುಕುತ್ತಿದ್ದ ಉತ್ತರ. “ಅವಳು ಮೊಮ್ಮಗಳಲ್ಲವಾ, ಅದಕ್ಕೆ” ಎಂದು ಒಂದು ಮಗು ಹೇಳಿದರೆ ತಪ್ಪು ಎಂದು ಹೊಡೆದು ಹಾಕಬೇಡಿ. ಅಜ್ಜಂದಿರ ಸ್ವಭಾವ ಬಲ್ಲ ಮಗು ಅದು. “ಹಾಗಾದರೆ ಅವಳು ಕೊನೆಯ ತನಕ ಚಿಪ್ಪು ಹೆಕ್ಕುತ್ತಲೇ ಇದ್ದಿದ್ದರೂ ಅಜ್ಜ ಪಾಲು ಕೊಡುತ್ತಿದ್ದರೇ?” ಎಂದು ಮರಳಿ ಕೇಳಿ. “ಕೊಡುತ್ತಿದ್ದರು, ಆದರೆ ಬೈದು ಕೊಡುತ್ತಿದ್ದರು” ಎಂಬಂಥ ಉತ್ತರ ಬಂದರೆ ಪೂರ್ಣ ಅಂಕ ಕೊಡಲು ನಾನು ಹಿಂದೆ ಮುಂದೆ ನೋಡುವುದಿಲ್ಲ. ಆ ಮಗು ಕತೆಯೊಳಗೆ ಹೋಗಿ ನಿಂತಿದೆ.

ಮನಸ್ಸಿನ ಪ್ರಶ್ನೆಯೂ ಒಂದಿರಲಿ. ಮುಖ ಊದಿದ್ದು ಯಾಕೆ? ಎಳೆಯುವುದು ದೊಡ್ಡ ಕೆಲಸ, ಸುತ್ತುವುದು ಸಣ್ಣ ಕೆಲಸ ಎಂದು ಅವಳಿಗೆ ಅನ್ನಿಸಿತ್ತು ಎಂಬುದನ್ನು ಮಗು ತನ್ನ ಮಾತಿನಲ್ಲಿ ಹೇಳಬೇಕು. “ಮುಖಕ್ಕೆ ಏನೋ ಕಚ್ಚಿತು” ಎಂಬ ಉತ್ತರ ಬಂದರೆ ನಗಬೇಡಿ. ಮುಖ ಊದುವುದೆಂದರೆ ಮುನಿಸು ಎಂಬ ಬಳಕೆ ಆ ಮಗುವಿಗೆ ಹೊಸದು, ಹೇಳಿಕೊಟ್ಟು ಮುಂದೆ ಹೋಗಿ.

ಪ್ರಶ್ನೆ ಕೇಳುವಾಗ ಕತೆಯ ಹಾಳೆ ಮಗುವಿನ ಕೈಯಲ್ಲೇ ಇರಲಿ. “ಎಲ್ಲಿ ಬರೆದಿದೆ, ಬೆರಳಿಟ್ಟು ತೋರಿಸು” ಎಂದಾಗ ಮಗು ಸರಿಯಾದ ಸಾಲಿಗೆ ಬೆರಳಿಟ್ಟರೆ ಅದೂ ಓದೇ. ಹಾಳೆ ಕಿತ್ತುಕೊಂಡು ಕೇಳಿದರೆ ಮತ್ತೆ ನೆನಪಿನ ಪರೀಕ್ಷೆಗೇ ಬಂದು ನಿಲ್ಲುತ್ತೇವೆ.

ಮಾತಾಡದ ಮಕ್ಕಳಿಗೆ: ಚಿತ್ರ ಮತ್ತು ಹಗ್ಗ

ಪ್ರತಿ ತರಗತಿಯಲ್ಲೂ ಟೀಚರ್ ಎದುರು ತುಟಿ ಬಿಚ್ಚದ ಮಕ್ಕಳಿದ್ದಾರೆ. ಅವರಿಗೆ ಕಾಗದ ಕೊಟ್ಟು, “ಮಾವನ ಕಾಲು ಸಿಕ್ಕಿಕೊಂಡಾಗ ಯಾರು ಎಲ್ಲಿದ್ದರು? ಬಿಡಿಸು” ಎನ್ನಿ. ಚಿತ್ರ ಚಂದವಿರಬೇಕಾಗಿಲ್ಲ, ಕಡ್ಡಿ ಗೊಂಬೆಗಳು ಸಾಕು. ನೋಡಬೇಕಾದದ್ದು ಮೂರು: ಹಗ್ಗ ಎರಡಿವೆಯೇ? ಬಲೆ ನೀರಿನ ಕಡೆಗಿದೆಯೇ? ಶಾಂಭವಿ ಹಗ್ಗದಿಂದ ದೂರ ಇದ್ದಾಳೆಯೇ? ಎರಡು ಗುಂಪುಗಳು ಎದುರುಬದುರು ನಿಂತು ಒಂದೇ ಹಗ್ಗವನ್ನು ಜಗ್ಗುವಂತೆ ಮಗು ಬಿಡಿಸಿದರೆ, ಅದು ಓದಿದ್ದು ಹಗ್ಗ ಜಗ್ಗಾಟದ ಕತೆ. ಅಜ್ಜ ಗೆಲ್ಲುತ್ತಾರೋ ಮಾವ ಗೆಲ್ಲುತ್ತಾರೋ ಎಂದು ಅದು ಕಾಯುತ್ತಿದೆ. ಒಟ್ಟಿಗೆ ದುಡಿಯುವ ಕತೆಯನ್ನು ಸ್ಪರ್ಧೆಯ ಕತೆಯಾಗಿ ಓದಿದ್ದು ಬಾಯಿ ಮಾತಿನ ಪ್ರಶ್ನೋತ್ತರದಲ್ಲಿ ಎಷ್ಟೋ ಸಲ ತಿಳಿಯುವುದೇ ಇಲ್ಲ. ಚಿತ್ರ ಅದನ್ನು ತೋರಿಸಿಕೊಡುತ್ತದೆ.

ಜಗಲಿಯಲ್ಲಿ ಅಭಿನಯ ಮಾಡಿಸುವುದು ಇನ್ನೂ ಒಳ್ಳೆಯದು. ಎರಡು ಹಗ್ಗ, ಬಲೆಗೆ ಒಂದು ಹಳೆಯ ಸೀರೆ, ಮೀನಿಗೆ ಒಣಗಿದ ಎಲೆಗಳು. ಮಕ್ಕಳಿಗೆ ಸೂಚನೆ ಕೊಡಬೇಡಿ, ಹಾಳೆ ಓದಿಕೊಂಡು ಅವರೇ ನಿಲ್ಲಲಿ. ಶಾಂಭವಿಯ ಪಾತ್ರದ ಮಗು ಯಾವ ಗುಂಪಿನ ಹಿಂದೆ ಹೋಗುತ್ತದೆ, ಒಂದು ಗುಂಪು ನಿಂತಾಗ ಇನ್ನೊಂದು ಎಳೆಯುತ್ತಲೇ ಇರುತ್ತದೆಯೇ ಎಂದು ನೋಡಿ. ಬೇಸ್‌ಬಾಲ್ ಪ್ರಯೋಗದಲ್ಲೂ ಮೈದಾನದ ಮಾದರಿಯೊಂದನ್ನು ಮುಂದಿಟ್ಟು, ಓದಿದ್ದನ್ನು ಗೊಂಬೆ ಸರಿಸಿ ತೋರಿಸಲು ಮಕ್ಕಳಿಗೆ ಹೇಳಿದ್ದರು. ಸೀರೆ ಓರೆಯಾಗಿ ಎಲೆಗಳು ಜಾರಿದಾಗ, ‘ಓರೆ’ ಎಂದರೇನು ಎಂದು ಮತ್ತೆ ವಿವರಿಸುವ ಅಗತ್ಯವೇ ಬರುವುದಿಲ್ಲ.

ಗುಂಪಿನಲ್ಲಿ ಕೇಳಬೇಡಿ

ಒಗ್ಗಟ್ಟಿನ ಕತೆಯಲ್ಲವೇ, ಗುಂಪಿನಲ್ಲೇ ಉತ್ತರಿಸಲಿ ಎಂಬ ಆಸೆ ಸಹಜ. ಅಭಿನಯಕ್ಕೆ, ಚರ್ಚೆಗೆ ಗುಂಪು ಸರಿ. ಗ್ರಹಿಕೆಯ ಪರೀಕ್ಷೆಗೆ ಸರಿಯಲ್ಲ. ಐದು ಮಕ್ಕಳ ಗುಂಪಿನಲ್ಲಿ ಒಬ್ಬ ಉತ್ತರಿಸುತ್ತಾನೆ, ಉಳಿದವರು “ಹೌದು ಟೀಚರ್” ಎನ್ನುತ್ತಾರೆ. ಸಹಾಯ ಬೇಕಾದ ಮಗು ಆ ‘ಹೌದು’ವಿನ ಹಿಂದೆ ಅಡಗಿಕೊಳ್ಳುತ್ತದೆ. ಮೊದಲು ಒಬ್ಬೊಬ್ಬರಾಗಿ ಕೇಳಿ, ಗುಂಪು ಆಮೇಲೆ.

ಮೂವತ್ತು ಮಕ್ಕಳಿಗೆ ಒಬ್ಬರೇ ಟೀಚರ್ ಇರುವಲ್ಲಿ, ಅದರಲ್ಲೂ ಒಂದರಿಂದ ಮೂರನೆಯ ತರಗತಿಯವರು ಒಟ್ಟಿಗೆ ಕೂರುವ ನಲಿ-ಕಲಿ ಕೋಣೆಯಲ್ಲಿ, ಎಲ್ಲರನ್ನೂ ಒಂದೇ ದಿನ ಕೇಳಲಾಗದು. ದಿನಕ್ಕೆ ನಾಲ್ಕೈದು ಮಕ್ಕಳು, ತಲಾ ಆರೇಳು ನಿಮಿಷ. ಉಳಿದವರು ಆಗ ಚಿತ್ರ ಬಿಡಿಸುತ್ತಿರಲಿ. ಮನೆಯಲ್ಲಾದರೆ ಈ ಕಷ್ಟವಿಲ್ಲ, ಊಟಕ್ಕೆ ಮೊದಲಿನ ಅರ್ಧ ಗಂಟೆ ಸಾಕು.

ಬರೆದಿಡುವುದು, ಆಮೇಲೆ ಮಾಡುವುದು

ಅಂಕ ಬೇಡ. ಮಗುವಿನ ಹೆಸರಿನ ಮುಂದೆ ಮೂರು ಮಾತು ಬರೆಯಿರಿ: ಸರಾಗವಾಗಿ ಓದಿತೇ, ಕತೆ ಹೇಳಿತೇ, ಬರೆಯದೆ ಬಿಟ್ಟ ಕಾರಣ ಹಿಡಿಯಿತೇ. ಸಾಧ್ಯವಾದರೆ ಮಗುವಿನ ಒಂದು ಉತ್ತರವನ್ನು ಅದರ ಮಾತಿನಲ್ಲೇ ಬರೆದಿಡಿ. ಪೋಷಕರ ಸಭೆಯಲ್ಲಿ “ನಿಮ್ಮ ಮಗಳು ಓದಿನಲ್ಲಿ ಸ್ವಲ್ಪ ಹಿಂದೆ” ಎನ್ನುವುದಕ್ಕಿಂತ ಆ ಒಂದು ಉತ್ತರವನ್ನು ಓದಿ ತೋರಿಸುವುದು ಅಮ್ಮನಿಗೆ ಹೆಚ್ಚು ತಿಳಿಸುತ್ತದೆ.

ಪರೀಕ್ಷಿಸುವುದು ಕಲಿಸಿದಂತಲ್ಲ. 1970ರ ದಶಕದ ಕೊನೆಯಲ್ಲಿ ಡೊಲೊರಸ್ ಡರ್ಕಿನ್ ಎಂಬ ಅಮೆರಿಕದ ಶಿಕ್ಷಣತಜ್ಞೆ ತರಗತಿಗಳಲ್ಲಿ ಕುಳಿತು ಗಮನಿಸಿದಾಗ, ಶಿಕ್ಷಕರು ಗ್ರಹಿಕೆಯ ಪ್ರಶ್ನೆಗಳನ್ನು ಧಾರಾಳವಾಗಿ ಕೇಳುತ್ತಿದ್ದರು, ಹೇಗೆ ಗ್ರಹಿಸಬೇಕೆಂದು ಕಲಿಸುತ್ತಿದ್ದುದು ಮಾತ್ರ ತೀರಾ ಅಪರೂಪವಾಗಿತ್ತು. ನಮ್ಮಲ್ಲೂ ಪಾಠದ ಕೊನೆಯ ಪ್ರಶ್ನೆಗಳಿಗೆ ಹಲಗೆಯ ಮೇಲೆ ಉತ್ತರ ಬರೆದುಕೊಟ್ಟರೆ ಪಾಠ ಮುಗಿಯಿತು. ಕಾರಣದ ಸರಪಣಿಯಲ್ಲಿ ತಪ್ಪಿದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೀವು ಹೇಗೆ ಓದುತ್ತೀರಿ ಎಂಬುದನ್ನು ಗಟ್ಟಿಯಾಗಿ ಹೇಳುತ್ತಾ ಓದಿ: “ಹಗ್ಗ ರಾಶಿ ಬಿತ್ತು ಅಂತ ಇದೆ. ಹಗ್ಗ ಸುತ್ತುವ ಕೆಲಸ ಯಾರದ್ದಾಗಿತ್ತು? ಹಿಂದೆ ಹೋಗಿ ನೋಡೋಣ. ಇಲ್ಲಿದೆ, ಶಾಂಭವಿಯದ್ದು. ಅವಳು ಈಗ ಎಲ್ಲಿದ್ದಾಳೆ?” ಓದುವಾಗ ಹಿಂದಕ್ಕೆ ಹೋಗಿ ನೋಡಬಹುದು ಎಂಬುದೇ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ; ಒಮ್ಮೆ ಓದಿದ ಸಾಲಿಗೆ ಮರಳುವುದು ದಡ್ಡತನ ಎಂದು ಅವು ಭಾವಿಸಿವೆ.

ವಾರದ ನಂತರ ಇನ್ನೊಂದು ಕತೆ ಕೊಡಿ, ಆದರೆ ಕಡಲಿನದ್ದು ಬೇಡ. ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವಾಗ ಸೂಡಿ (ಸಸಿಯ ಕಟ್ಟು) ತಂದು ಕೊಡುವ ಹುಡುಗ ನೀರಾಟಕ್ಕೆ ಹೋದ ಕತೆಯಾಗಬಹುದು, ಶಾಲಾ ವಾರ್ಷಿಕೋತ್ಸವದ ನಾಟಕದಲ್ಲಿ ಪರದೆ ಎಳೆಯುವ ಹುಡುಗಿ ಮಾತು ಕೇಳುತ್ತಾ ಮೈಮರೆತ ಕತೆಯಾಗಬಹುದು. ‘ಸಣ್ಣ’ ಕೆಲಸವೊಂದು ತಪ್ಪಿ ದೊಡ್ಡ ಕೆಲಸ ನಿಲ್ಲುವ ಹೆಣಿಗೆ ಹಾಗೆಯೇ ಇರಲಿ, ಕಾರಣದ ಸಾಲು ಈ ಸಲವೂ ಬರೆಯದೇ ಇರಲಿ. ನೀವು ಏನೂ ಹೇಳಿಕೊಡದೆ, ಮಗು ತಾನಾಗಿಯೇ ಹಾಳೆಯ ಮೇಲಿನ ಸಾಲಿಗೆ ಬೆರಳು ಹಿಂದಕ್ಕೆ ಒಯ್ದು “ಇವನು ಸೂಡಿ ತರಲಿಲ್ಲ, ಅದಕ್ಕೆ” ಎಂದರೆ ಮೂರನೆಯ ಮಾತಿನ ಮುಂದೆ ‘ಹೌದು’ ಎಂದು ಬರೆಯಿರಿ. ಹೇಳದಿದ್ದರೆ ಅದೇ ವಾರ ಮತ್ತೊಂದು ಸಣ್ಣ ಕತೆಯೊಡನೆ ಪಕ್ಕದಲ್ಲಿ ಕುಳಿತುಕೊಳ್ಳಿ.